ಬಸ್ಸಿನ ಮೇಲೆ ಕೂತವನು

ನನ್ನ ಅಕ್ಕನ ಮಗನನ್ನು ಮನೆಯಲ್ಲಿ ಎಲ್ಲರೂ ಕರೆಯುವುದು ಬುಗುರಿ ಎಂದು. ತಟ್ಟೆ ಹಿಡಿದು ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಟೀವಿಯ ಮುಂದಕ್ಕೆ ತಿರುಗುತ್ತಲೇ ಊಟ ಮುಗಿಸುವ ಹುಡುಗ. ಅವನು ಓಡಾಡುವ ದಾರಿ ಇರುವೆಗಳಿಗೆ ಬಾಯಿಪಾಠ. ಇಂಥವನನ್ನು ಅಕ್ಕ ಊರಾಚೆಯ ಪುಟ್ಟ ಖಾಸಗಿ ವಿಶ್ವವಿದ್ಯಾಲಯದಲ್ಲಿ ಬಿಬಿಎ ಓದಲು ಸೇರಿಸುತ್ತೇನೆ ಎಂದಾಗ ನಾನು ಎಚ್ಚರಿಸಿದ್ದೆ.

"ವ್ಯವಹಾರ ಓದೋಕೆ ವ್ಯವಧಾನ ಬೇಕು ಕಣೇ ಅಕ್ಕಾ."

"ನಿನಗೆ ಎರಡೂ ಇಲ್ಲ. ಆದ್ರೂ ಬದುಕಿಲ್ವಾ?" ಎಂದಳು ಅಕ್ಕ.

ವಿಶ್ವವಿದ್ಯಾಲಯದಲ್ಲಿ ವಿಶ್ವವೇನೂ ಇರಲಿಲ್ಲ. ಎರಡು ಕಟ್ಟಡ, ಒಂದು ಕ್ಯಾಂಟೀನು, 'ಉದ್ಯಮ ಕೇಂದ್ರ' ಎಂದು ಬೋರ್ಡು ಹಾಕಿ, ಮುರಿದ ಕುರ್ಚಿಗಳನ್ನು ಪೇರಿಸಿ, ಬೀಗ ಜಡಿದ ಒಂದು ಕೋಣೆ. ಬಿಬಿಎ ತರಗತಿಯಲ್ಲಿ ಮಂದಿ ಎಷ್ಟು ಕಡಿಮೆಯೆಂದರೆ ಹಿಂದಿನ ಬೆಂಚು ಎಂಬ ಸ್ವರ್ಗವೇ ಅಲ್ಲಿರಲಿಲ್ಲ. ಬುಗುರಿ ಕಾಲು ಕುಣಿಸಿದರೆ ಬೆಂಚು ಕುಣಿಯುತ್ತಿತ್ತು, ಪಕ್ಕದವನ ಬ್ಯಾಲೆನ್ಸ್ ಶೀಟು ಬ್ಯಾಲೆನ್ಸ್ ತಪ್ಪುತ್ತಿತ್ತು.

ಅವನು ಸೇರಿದ ಹೊಸದರಲ್ಲಿ ಜಾಹೀರಾತಿಗೆಂದು ಒಬ್ಬ ಫೋಟೋಗ್ರಾಫರ್ ಬಂದ. ಉಳಿದವರೆಲ್ಲ ಒಳಗೆ ಪಾಠ ಕೇಳುತ್ತಿದ್ದರು. ಹೊರಗೆ ಅಲೆಯುತ್ತಾ ಸಿಕ್ಕಿದವನು ಇವನೊಬ್ಬನೇ. ಇವನನ್ನು ಹುಲ್ಲಿನ ಮೇಲೆ ಕೂರಿಸಿ, ಯಾರದೋ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು, "ಒಂದು ನಿಮಿಷ ಅಲ್ಲಾಡಬೇಡ ಗುರು" ಎಂದ. ಬುಗುರಿ ತನ್ನ ಜನ್ಮದಲ್ಲಿ ನೆಟ್ಟಗೆ ಕೂತ ಆ ಒಂದೇ ನಿಮಿಷವನ್ನು ದೊಡ್ಡದು ಮಾಡಿ ವಿಶ್ವವಿದ್ಯಾಲಯದ ಬಸ್ಸುಗಳಿಗೆಲ್ಲ ಅಂಟಿಸಿದರು. ಕೆಳಗೆ ದಪ್ಪಕ್ಷರದಲ್ಲಿ: 'ನನ್ನ ಜಾಗ ನನಗೆ ಸಿಕ್ಕಿತು.'

ಎರಡನೇ ವರ್ಷ ಮುಗಿಯುವ ಹೊತ್ತಿಗೆ ಅವನು ಓದು ಬಿಡುವ ತೀರ್ಮಾನಕ್ಕೆ ಬಂದಿದ್ದ. ನಮ್ಮ ಮನೆಗೆ ಬಂದು ಫ್ರಿಜ್ಜಿನ ಬಾಗಿಲು ತೆಗೆಯುತ್ತಾ ಮುಚ್ಚುತ್ತಾ ಹೇಳಿದ.

"ಬಿಬಿಎ ಅಂದ್ರೆ ಬರೀ ಬಸ್ಸಲ್ಲಿ ಅಲೆದಾಟ, ಮಾವ."

"ಬಿಟ್ಟು ಏನ್ಮಾಡ್ತೀಯ?"

"ಗೊತ್ತಿಲ್ಲ. ಅಲ್ಲಿ ಕೂರಕ್ಕಾಗಲ್ಲ ಅಂತ ಮಾತ್ರ ಗೊತ್ತು. ಶನಿವಾರ ಎಚ್‌ಓಡಿ ಹತ್ರ ಹೇಳ್ಬಿಡ್ತೀನಿ. ನೀನೂ ಬಾ."

ಎಚ್‌ಓಡಿ ಎಂದರೆ ಅವರ ವಿಭಾಗದ ಮುಖ್ಯಸ್ಥರು. ಶನಿವಾರ ನಾವು ಹೋದರೆ ಅಲ್ಲಿ ಹೊಸದಾಗಿ ಸೇರುವವರ ತಂದೆತಾಯಿಗಳ ಸಭೆ. ಬುಗುರಿ ಬಾಯಿ ತೆರೆಯುವ ಮೊದಲೇ ಎಚ್‌ಓಡಿ, "ಒಳ್ಳೇ ಟೈಮಿಗೆ ಬಂದೆ ಕಣಯ್ಯಾ" ಎಂದು ಅವನ ತೋಳು ಹಿಡಿದು ಅವನದೇ ಆಳೆತ್ತರದ ಫೋಟೋದ ಪಕ್ಕ ನಿಲ್ಲಿಸಿದರು. ಇರಲಾರದೆ ಇರುವೆ ಬಿಟ್ಟುಕೊಂಡೆನೆಂದು ಅವರಿಗೆ ಆಗ ಗೊತ್ತಿರಲಿಲ್ಲ.

ಅಷ್ಟರಲ್ಲಿ ನಮ್ಮ ಬೀದಿಯ ಟೈಲರ್ ಆಂಟಿ ಮಗಳನ್ನು ಕರೆದುಕೊಂಡು ಬಂದರು.

"ನೀನೇ ಸಿಕ್ಕಿದ್ದು ಒಳ್ಳೇದಾಯ್ತು ಬುಗುರಿ. ಬಸ್ಸಿನ ಮೇಲೆ ನಿನ್ನ ಮುಖ ನೋಡಿ ನೋಡಿ ಇವಳನ್ನೂ ಇಲ್ಲೇ ಸೇರಿಸೋಣ ಅಂತ ಬಂದೆ. ಇನ್ನೊಂದು ಕಡೆನೂ ಸೀಟಿದೆ, ಇವತ್ತೇ ಹೇಳ್ಬೇಕು. ನಿಜ ಹೇಳು, ಚೆನ್ನಾಗಿದೆಯಾ?"

ಎಚ್‌ಓಡಿ ಮುಗುಳ್ನಕ್ಕರು. ಬುಗುರಿ ಕಾಲು ಸುಟ್ಟ ಬೆಕ್ಕಿನಂತೆ ಮೇಜಿನ ಆ ಕಡೆಯಿಂದ ಈ ಕಡೆಗೆ ಒಮ್ಮೆ ಹೋಗಿಬಂದ.

"ಆ ಹುಲ್ಲಿನ ಮೇಲೆ ಯಾರನ್ನೂ ಕೂರಕ್ಕೆ ಬಿಡಲ್ಲ ಆಂಟಿ. ಲ್ಯಾಪ್‌ಟಾಪ್ ನನ್ನದಲ್ಲ. ಉದ್ಯಮ ಕೇಂದ್ರದಲ್ಲಿ ಕುರ್ಚಿಗಳು ಮಾತ್ರ ಉದ್ಯಮ ಮಾಡ್ತಿವೆ. ಮ್ಯಾನೇಜ್‌ಮೆಂಟ್ ಪಾಠ ಅಂದ್ರೆ ಪರದೆ ಮೇಲಿರೋದನ್ನ ಗಟ್ಟಿಯಾಗಿ ಓದೋದು. ಓದಕ್ಕೆ ನಮಗೂ ಬರತ್ತೆ."

"ತಮಾಷೆ ಹುಡುಗ," ಎಂದು ಎಚ್‌ಓಡಿ ಕೆಮ್ಮಿದರು.

"ಆದ್ರೆ ಅಕೌಂಟ್ಸ್ ಮೇಡಂ ಇದಾರೆ. ಅಂಗಡಿ ಲಾಭದಲ್ಲಿದ್ರೂ ಗಲ್ಲಾಪೆಟ್ಟಿಗೆ ಯಾಕೆ ಖಾಲಿ ಅನ್ನೋದು ಅವರು ಹೇಳಿದ್ಮೇಲೇ ನನಗೆ ಅರ್ಥ ಆಗಿದ್ದು. ತಲೆಗೆ ಹೋಗ್ಲಿಲ್ಲ ಅಂದ್ರೆ ಬಸ್ ಹತ್ತೋವರೆಗೂ ಜೊತೆಗೇ ಬಂದು ಹೇಳ್ತಾರೆ."

ಮಗಳು ನಡುವೆ ಬಾಯಿಹಾಕಿದಳು. "ಮುಂದಿನ ವರ್ಷ ನೀವೂ ಇರ್ತೀರಲ್ಲ ಅಣ್ಣ?"

'ಹೂಂ' ಎಂದುಬಿಡಬಹುದಿತ್ತು. ಎಚ್‌ಓಡಿಯ ಹುಬ್ಬುಗಳು ಅದನ್ನೇ ಬೇಡುತ್ತಿದ್ದವು.

"ಇಲ್ಲಮ್ಮಾ, ಬಿಡ್ತಿದೀನಿ. ಇವತ್ತು ಅದನ್ನ ಹೇಳಕ್ಕೇ ಬಂದಿದ್ದು."

ಹುಡುಗಿ ಫೋಟೋ ನೋಡಿದಳು, ಇವನನ್ನು ನೋಡಿದಳು. "ಜಾಗ ಸಿಕ್ಕಿತು ಅಂತ ಬರೆದಿದೆ?"

"ಅದು ಫೋಟೋದಲ್ಲಿರೋನಿಗೆ."

ತಾಯಿ ಮಗಳು ಕಿಟಕಿಯ ಹತ್ತಿರ ಹೋಗಿ ಗುಸುಗುಸು ಶುರುಮಾಡಿದರು. ಎಚ್‌ಓಡಿ ಹಲ್ಲು ಕಚ್ಚಿಕೊಂಡು ಹೇಳಿದರು: "ಹೋಗೋದಾದ್ರೆ ಹೋಗಯ್ಯಾ. ಬಸ್ಸಿನ ಮೇಲಿರೋದನ್ನ ಮಾತ್ರ ಕೀಳಕ್ಕಾಗಲ್ಲ. ಈ ವರ್ಷಾನೂ ಅದೇ ಇರತ್ತೆ."

ಆ ಮಾತು ಬುಗುರಿಗೆ ನಾಟಿತು. ತಾನು ಎಲ್ಲೆಲ್ಲಿ ಅಲೆದರೂ ತನ್ನ ಮುಖ ಇಲ್ಲೇ ಓದುತ್ತಿರುತ್ತದೆ. ತನಗಿಂತ ಅದೇ ವಾಸಿ.

ಪಕ್ಕದ ಮೇಜಿನಲ್ಲಿ ಬಂದವರಿಗೆ ಟೀ ಕೊಡುತ್ತಿದ್ದ ಅಕೌಂಟ್ಸ್ ಮೇಡಂ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಒಂದು ಕಪ್ಪು ತಂದು ಇವನ ಕೈಗಿಟ್ಟರು.

"ಯಾವಾಗ್ಲೂ ನೀನು ಬಾಗಿಲ ಕಡೆ ನೋಡ್ತಿದ್ದೆ. ಪಾಠ ಬೇಡ ಇವನಿಗೆ ಅಂದ್ಕೊಂಡಿದ್ದೆ."

"ಪಾಠ ಬೇಕು ಮೇಡಂ. ಬೆಂಚು ಬೇಡ."

"ಹಾಗಾದ್ರೆ ನಿಂತ್ಕೊಂಡು ಕೇಳು. ಹಿಂದೆ ಗೋಡೆ ಇದೆ, ಬೇಕಾದ್ರೆ ಓಡಾಡು. ನಾನು ದಿನಾ ನಿಂತ್ಕೊಂಡು ಓಡಾಡ್ತಾನೇ ತಾನೆ ಹೇಳೋದು? ನನಗ್ಯಾರೂ ಕೂತ್ಕೋ ಅಂದಿಲ್ಲ."

ಬುಗುರಿ ಟೀ ಕುಡಿಯುವುದನ್ನು ಮರೆತು ನಿಂತ. ಶಾಲೆಗೆ ಸೇರಿದಂದಿನಿಂದ ಅವನಿಗೆ 'ನಿಂತ್ಕೋ' ಎಂದವರೆಲ್ಲ ಶಿಕ್ಷೆಗೆ ಎಂದವರೇ.

ಅವನೀಗ ಮೂರನೇ ವರ್ಷ. ಅಕೌಂಟ್ಸ್ ತರಗತಿಯ ಹಿಂದಿನ ಗೋಡೆಯ ಉದ್ದಕ್ಕೂ ಅವನ ಹೆಗಲು ಉಜ್ಜಿ ಉಜ್ಜಿ ಬಣ್ಣ ಸವೆದಿದೆ. ಮಿಕ್ಕ ತರಗತಿಗಳಲ್ಲಿ ಬೆಂಚು ಇನ್ನೂ ಕುಣಿಯುತ್ತದೆ. ಆಗಾಗ ನಮ್ಮ ಮನೆಗೆ ಬಂದು, ಬಿಟ್ಟೇಬಿಡ್ತೀನಿ ಮಾವ, ಎಂದು ಫ್ರಿಜ್ಜಿನ ಬಾಗಿಲಿಗೆ ಹೇಳುತ್ತಾನೆ. ಬೆಳಗಾದರೆ ಬಸ್ ಸ್ಟಾಪಿನಲ್ಲಿರುತ್ತಾನೆ.

ಟೈಲರ್ ಆಂಟಿಯ ಮಗಳೂ ಅದೇ ಬಸ್ಸಿನಲ್ಲಿ ಹೋಗುತ್ತಾಳೆ. ಅಕೌಂಟ್ಸ್ ಮೇಡಂ ಇರುವವರೆಗೆ ಪರವಾಗಿಲ್ಲ ಎಂದು ಸೇರಿಕೊಂಡವಳು. ಮೊನ್ನೆ ನಾನು ಸ್ಟಾಪಿನಲ್ಲಿದ್ದಾಗ ಬುಗುರಿ ಎಂದಿನಂತೆ ಬಾಗಿಲ ಕಂಬಿ ಹಿಡಿದು ನಿಂತಿದ್ದ. ಅವಳು ಕಿಟಕಿಯಿಂದ ಕೂಗಿದಳು.

"ಅಣ್ಣಾ, ಒಳಗೆ ಸೀಟ್ ಖಾಲಿ ಇದೆ."

"ಇರಲಿ ಬಿಡಮ್ಮಾ. ಹೊರಗೆ ಒಬ್ಬ ಕೂತಿದಾನಲ್ಲ."