ಒಂದು ಸ್ವೆಟರ್ ಸಾಕು

ನನ್ನ ಗಂಡನ ಅಕ್ಕನಿಗೆ ಬರುತ್ತಿದ್ದಷ್ಟು ಕಾಗದ ನಮ್ಮ ಬೀದಿಯಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ಅಂಚೆಯವನು ಸೈಕಲ್ಲಿನಿಂದ ಇಳಿಯುವ ಮೊದಲೇ "ಹವಾಮಾನ ಇಲಾಖೆಯವರು ಇದ್ದಾರಾ?" ಎಂದು ಕೂಗುತ್ತಿದ್ದ. "ಇಲಾಖೆಗೆ ಇವತ್ತು ರಜೆ, ಇಟ್ಟು ಹೋಗಪ್ಪ" ಎಂದು ಒಳಗಿನಿಂದ ಉತ್ತರ ಬರುತ್ತಿತ್ತು.

ಕಡಲಿಗೆ ಮುಖ ಮಾಡಿದ ನಮ್ಮ ಲಾಡ್ಜಿಗೆ ಒಂಬತ್ತು ಕೋಣೆಗಳು. ಕಟ್ಟಿಸಿದ್ದು ನನ್ನ ಮಾವನವರು. ಅವರು ಹೋದ ಮೇಲೆ ನನ್ನ ಗಂಡ ಕೋಣೆಗಳನ್ನೂ, ನಾನು ಅಡುಗೆಮನೆಯನ್ನೂ, ಗಂಡನ ಅಕ್ಕ ಮುಂಬಾಗಿಲಿನ ಮೇಜನ್ನೂ ನೋಡಿಕೊಳ್ಳುತ್ತಿದ್ದೆವು. ಆಕೆಯನ್ನು ನಾನೂ ಅಕ್ಕ ಎಂದೇ ಕರೆಯುತ್ತಿದ್ದೆ. ಅಕ್ಕ ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದರೆ, "ಬಂದವರೆಲ್ಲ ಎರಡು ದಿನಕ್ಕೆ ರೂಮ್ ಕೇಳಿದರೇ ಹೊರತು ಜನ್ಮಕ್ಕೆ ಯಾರೂ ಕೇಳಲಿಲ್ಲ" ಎಂದು ನಗುತ್ತಿದ್ದರು.

ಬರುವ ಕಾಗದಗಳಲ್ಲಿ ಪ್ರಶ್ನೆ ಒಂದೇ. ನಿಮ್ಮೂರಿನಲ್ಲಿ ಹವೆ ಹೇಗಿದೆ, ಏನೇನು ಬಟ್ಟೆ ತರಬೇಕು? ಅಕ್ಕ ದಿನಾ ಬೆಳಿಗ್ಗೆ ಮಹಡಿ ಮೆಟ್ಟಿಲ ತಿರುವಿನ ಕಿಟಕಿಯಿಂದ ಕೈ ಹೊರಗೆ ಚಾಚಿ, ಅಂಗೈ ಮಗುಚಿ ನೋಡಿ, ಆಮೇಲೆ ಉತ್ತರ ಬರೆಯಲು ಕೂರುತ್ತಿದ್ದರು. ನಮ್ಮೂರಿನ ಹವೆ ಸಾಧು ಹಸುವಿನಂಥದ್ದು. ಬೇಸಿಗೆ ಸುಡುವುದಿಲ್ಲ, ಚಳಿಗಾಲ ಕೊರೆಯುವುದಿಲ್ಲ. ಸಂಜೆ ನಾಲ್ಕಕ್ಕೆ ಕಡಲಿನಿಂದ ಗಾಳಿ ಏಳುತ್ತದೆ, ಅಷ್ಟೆ. ಹಾಗಾಗಿ ಅಕ್ಕನ ಉತ್ತರವೂ ಹೆಚ್ಚುಕಡಿಮೆ ಒಂದೇ ಇರುತ್ತಿತ್ತು: 'ತೆಳು ಹತ್ತಿ ಬಟ್ಟೆ ತನ್ನಿ. ಸಂಜೆಗೆ ಒಂದು ಸ್ವೆಟರ್ ಸಾಕು. ಛತ್ರಿ ಬೇಡ, ಗಾಳಿ ಅದನ್ನು ಬೋರಲು ಮಾಡುತ್ತದೆ. ಟವೆಲ್ ಮಾತ್ರ ಎರಡಿರಲಿ, ಇಲ್ಲಿ ಒಗೆದದ್ದು ಬೇಗ ಒಣಗುವುದಿಲ್ಲ.'

ಯಾರು ಕೇಳುತ್ತಾರೆ? ಉಬ್ಬಿದ ಪೆಟ್ಟಿಗೆಗಳು, ಕಂಬಳಿ ಸುರುಳಿಗಳು, ಬಿಸಿನೀರಿನ ಚೀಲಗಳು ಎಲ್ಲ ಬರುತ್ತಿದ್ದವು. ಬಂದಂತೆಯೇ ಮಡಿಕೆ ಮುರಿಯದೆ ವಾಪಸು ಹೋಗುತ್ತಿದ್ದವು. "ಇವರು ನಾಲ್ಕು ದಿನಕ್ಕೆ ಬಂದಿದ್ದಾರೋ, ಮನೆ ಖಾಲಿ ಮಾಡಿಕೊಂಡು ಬಂದಿದ್ದಾರೋ?" ಎಂದು ಅಕ್ಕ ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದರು.

ಅಕ್ಕನ ಮಾತನ್ನು ಅಕ್ಷರಶಃ ಪಾಲಿಸಿದವರು ಒಬ್ಬರೇ. ರೈಲ್ವೆ ಗಾರ್ಡ್ ಆಗಿ ನಿವೃತ್ತರಾದವರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಬೆಟ್ಟದ ಕಡೆಯ ಚಳಿ ಊರು ಅವರದು. ಕಾಗದದಲ್ಲಿ ಪ್ರಶ್ನೆಗಳಿಗೆ ಒಂದು, ಎರಡು, ಮೂರು ಎಂದು ನಂಬರು ಹಾಕಿದ್ದರು. ಅಕ್ಕನೂ ನಂಬರು ಹಾಕಿಯೇ ಉತ್ತರಿಸಿದರು. ಜನವರಿಯ ಒಂದು ಮಧ್ಯಾಹ್ನ ಗಾರ್ಡ್ ಸಾಹೇಬರು ಸಣ್ಣ ಕೈಚೀಲ ಹಿಡಿದು ಬಂದು, "ನೀವು ಹೇಳಿದಷ್ಟೇ ತಂದಿದ್ದೀನಿ, ಬೇಕಾದರೆ ಚೆಕ್ ಮಾಡಿ" ಎಂದು ಮೇಜಿನ ಮೇಲಿಟ್ಟರು. ಅಕ್ಕನ ಮುಖ ಇಷ್ಟಗಲವಾಯಿತು.

ಆ ಸಾಧು ಹಸು ಒದ್ದದ್ದೂ ಅದೇ ವಾರ. ಮಾರನೆಯ ದಿನದಿಂದ ಗಾಳಿ ಕಡಲು ಬಿಟ್ಟು ಭೂಮಿಯ ಕಡೆಯಿಂದ ಬೀಸತೊಡಗಿತು. ಅಂಥ ಚಳಿ ನಮ್ಮೂರಿನಲ್ಲಿ ನಾನು ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ನಲ್ಲಿ ನೀರು ಮುಟ್ಟಿದರೆ ಬೆರಳು ಜೋಮು ಹಿಡಿಯುತ್ತಿತ್ತು. ಲಾಡ್ಜಿನಲ್ಲಿ ಇದ್ದಬದ್ದ ಹೊದಿಕೆಯೆಲ್ಲ ಹಂಚಿ ಮುಗಿಯಿತು. ಗಾರ್ಡ್ ಸಾಹೇಬರು ಒಂದೇ ಸ್ವೆಟರಿನಲ್ಲಿ ಜಗಲಿಯ ಕುರ್ಚಿಯಲ್ಲಿ ಮುದುಡಿ ಕೂತಿದ್ದರು. ಕೊನೆಗೆ ಅಕ್ಕ ಮಾವನವರ ಹಳೆಯ ಉಣ್ಣೆ ಕೋಟನ್ನು ಬೀರುವಿನಿಂದ ತೆಗೆದು, ನುಸಿಗುಳಿಗೆಯ ವಾಸನೆಯ ಸಮೇತ ಅವರ ಹೆಗಲಿಗೆ ಹೊದಿಸಿದರು. ಮಾವನವರು ಆಜಾನುಬಾಹು. ಇವರು ಕುಳ್ಳು. ತೋಳುಗಳು ಬೆರಳು ದಾಟಿ ಜೋತಾಡುತ್ತಿದ್ದವು.

ಆ ಹೊತ್ತಿಗಾಗಲೇ ಅವರಿಗೆ ಜ್ವರ ಹತ್ತಿತ್ತು. ನಾಲ್ಕು ದಿನಕ್ಕೆ ಬಂದವರು ಹನ್ನೊಂದು ದಿನ ಉಳಿದರು. ನಾನು ಗಂಜಿ ಮಾಡಿಕೊಟ್ಟರೆ ಅಕ್ಕ ತಾವೇ ತೆಗೆದುಕೊಂಡು ಹೋಗುತ್ತಿದ್ದರು. ಒಂದು ದಿನ ಬಾಗಿಲಲ್ಲಿ ನಿಂತು, "ನಿಮ್ಮನ್ನ ಹೀಗೆ ಮಲಗಿಸಿದ್ದು ನನ್ನ ಕಾಗದ. ಬೈದುಬಿಡಿ, ನನಗೆ ಸಮಾಧಾನ ಆಗುತ್ತೆ" ಎಂದರು.

ಗಾರ್ಡ್ ಸಾಹೇಬರು ಕೆಮ್ಮುತ್ತಲೇ ನಕ್ಕರು. "ಮೂವತ್ತೈದು ವರ್ಷ 'ರೈಲು ಇನ್ನೇನು ಹೊರಟೇಬಿಡ್ತು' ಅಂತ ಪ್ರಯಾಣಿಕರಿಗೆ ಹೇಳಿದವನು ನಾನು. ನಿಮ್ಮನ್ನ ಬೈಯೋ ಮುಖ ನನಗೆಲ್ಲಿದೆ ಹೇಳಿ?"

ಅವರು ಹೋದ ಮೇಲೆ ಎರಡು ತಿಂಗಳು ಅಕ್ಕ ಯಾರಿಗೂ ಹವೆಯ ಬಗ್ಗೆ ಬರೆಯಲಿಲ್ಲ. ಕಾಗದಗಳು ಮೇಜಿನ ಮೇಲೆ ರಾಶಿಯಾದವು. ಮತ್ತೆ ಪೆನ್ನು ಹಿಡಿಸಿದ್ದು ಗಾರ್ಡ್ ಸಾಹೇಬರ ಕಾಗದವೇ: 'ಮುಂದಿನ ಜನವರಿಗೆ ಅದೇ ಕೋಣೆ ಬೇಕು. ಏನು ತರಲಿ?'

ಹಾಗೆ ಐದು ಜನವರಿಗಳು. ಅವರಿಬ್ಬರ ನಡುವೆ ಏನು ನಡೆಯುತ್ತಿದೆ ಎಂದು ಅಂಚೆಯವನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ಅಗಸಗಿತ್ತಿಗೂ ಗೊತ್ತಿತ್ತು. ಗೊತ್ತಿರದವನು ನನ್ನ ಗಂಡ ಒಬ್ಬನೇ ಎಂದು ನಾನು ಅಂದುಕೊಂಡಿದ್ದೆ.

ಆರನೆಯ ವರ್ಷ ಅಕ್ಕ ಗಾರ್ಡ್ ಸಾಹೇಬರ ಕಾಗದ ಹಿಡಿದು ಅಡುಗೆಮನೆಗೆ ಬಂದು, ನನ್ನ ಕೈಗಿಟ್ಟರು. 'ನಮ್ಮೂರಿಗೆ ಬರುವವರು ತರಬೇಕಾದದ್ದು' ಎಂದು ಮೇಲೆ ಬರೆದಿತ್ತು. 'ಒಂದು: ಉಣ್ಣೆಯ ಕಾಲುಚೀಲ, ನಾಲ್ಕು ಜೊತೆ. ಎರಡು: ಕಿವಿ ಮುಚ್ಚುವ ಟೋಪಿ. ಮೂರು: ದಪ್ಪ ಸ್ವೆಟರ್, ಮೂರಾದರೂ ಇರಲಿ. ನಾಲ್ಕು: ವಾಪಸಿನ ಟಿಕೆಟ್ ಬೇಡ. ಐದು: ಒಂದು ತಪ್ಪೊಪ್ಪಿಗೆ. ಮೊದಲ ಸಲ ಬಂದಾಗ ಎರಡು ಸ್ವೆಟರ್, ಒಂದು ಶಾಲು ಇದ್ದ ಇನ್ನೊಂದು ಚೀಲವನ್ನು ನಿಮ್ಮೂರಿನ ಸ್ಟೇಷನ್ನಿನ ಲಗೇಜ್ ಕೋಣೆಯಲ್ಲಿ ಬಿಟ್ಟಿದ್ದೆ. ರೈಲ್ವೆಯವನ ಬುದ್ಧಿ, ಯಾರನ್ನೂ ಪೂರ್ತಿ ನಂಬುವುದಿಲ್ಲ. ತರಿಸಿಕೊಳ್ಳೋಣವೆಂದುಕೊಳ್ಳುವಷ್ಟರಲ್ಲಿ ನೀವು ಕೋಟು ಹೊದಿಸಿದಿರಿ. ಆಮೇಲೆ ತರಿಸಿಕೊಳ್ಳಲು ಮನಸ್ಸು ಬರಲಿಲ್ಲ.'

"ಕಳ್ಳ!" ಎಂದರು ಅಕ್ಕ. "ಹನ್ನೊಂದು ದಿನ ನನ್ನ ಹೊಟ್ಟೆ ಉರಿಸಿದ್ದಾರೆ ಕಣೇ!" ನಗುತ್ತಿದ್ದರು, ಕಣ್ಣಲ್ಲಿ ನೀರಿತ್ತು.

"ಹಾಗಾದ್ರೆ ಏನಂತ ಬರೀತೀರಿ ಅಕ್ಕ?"

"ನಲವತ್ತೊಂಬತ್ತು ನನಗೆ. ಜನ ಏನಂತಾರೆ? ನಿನ್ನ ಗಂಡನಿಗೆ ಯಾವ ಬಾಯಲ್ಲಿ ಹೇಳಲಿ?"

ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಗಂಡ ಕೇಳಿಸಿಕೊಂಡವನೇ ಚಪ್ಪಲಿ ಮೆಟ್ಟಿ ಹೊರಟುಹೋದ. ಅಕ್ಕ ಊಟ ಬಿಟ್ಟು ಕೋಣೆ ಸೇರಿದರು. ಸಂಜೆಯ ಗಾಳಿ ಏಳುವ ಹೊತ್ತಿಗೆ ಅವನು ಹೊಸ ಸೂಟ್‌ಕೇಸ್ ಹೊತ್ತುಕೊಂಡು ಬಂದ. ಊರಿಗೆಲ್ಲ ಪೆಟ್ಟಿಗೆ ಕಟ್ಟುವುದನ್ನು ಕಲಿಸಿದ ಅಕ್ಕನ ಬಳಿ ಸ್ವಂತದ ಒಂದು ಪೆಟ್ಟಿಗೆಯೂ ಇಲ್ಲವೆಂದು ಹೊಳೆದದ್ದು ಅವನಿಗೆ ಮಾತ್ರ.

"ಜಿಪ್ ತುಕ್ಕು ಹಿಡಿಯಲ್ವಂತೆ, ಅಂಗಡಿಯವನು ಹೇಳಿದ," ಎಂದು ಅದನ್ನು ಅಕ್ಕನ ಬಾಗಿಲಲ್ಲಿಟ್ಟ. "ಐದು ವರ್ಷದಿಂದ ಕಾಯ್ತಿದ್ದೀನಿ ಅಕ್ಕ, ನೀನಾಗೇ ಬಾಯಿಬಿಡ್ತೀಯಾ ಅಂತ." ಅಕ್ಕ ತಮ್ಮನ ಕೈ ಹಿಡಿದುಕೊಂಡರು.

ಪೆಟ್ಟಿಗೆ ತುಂಬುವಾಗ ನೋಡಬೇಕಿತ್ತು! ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಳ್ಳಲ್ಲ. ಎಂಟು ಜೊತೆ ಕಾಲುಚೀಲ, ಎರಡು ಕಂಬಳಿ, ನನ್ನ ಸ್ವೆಟರ್, ನನ್ನ ಗಂಡನ ಸ್ವೆಟರ್! "ನಾಲ್ಕು ಜೊತೆ ಸಾಕು ಅಂತ ಬರೆದಿದ್ದಾರಲ್ಲ ಅಕ್ಕ" ಎಂದರೆ, "ಬರೆದವರ ಮಾತು ನಂಬಿದರೆ ಏನಾಗುತ್ತೆ ಅಂತ ನನಗೆ ಗೊತ್ತು" ಎಂದರು. ಜಿಪ್ ಎಳೆಯಲು ನಾನು ಸೂಟ್‌ಕೇಸಿನ ಮೇಲೆ ಹತ್ತಿ ಕೂರಬೇಕಾಯಿತು.

ರಿಜಿಸ್ಟ್ರಾರ್ ಕಚೇರಿಯಲ್ಲಿ ಇಬ್ಬರೂ ಸಹಿ ಹಾಕಿ ಮರುದಿನವೇ ಹೊರಟರು. ಹದಿಮೂರು ವರ್ಷ ಸುಖವಾಗಿದ್ದರು. ಅಲ್ಲಿಂದ ಬರುವ ಕಾಗದಗಳಲ್ಲೂ ಹವೆಯೇ: ಕೊಬ್ಬರಿ ಎಣ್ಣೆ ಕಲ್ಲಾಗಿದೆ, ಹಿಮ್ಮಡಿ ಬಿರಿದಿದೆ, ಇವರು ಬೆಳಿಗ್ಗೆ ಮೊದಲು ನನಗೆ ನೀರು ಕಾಯಿಸಿ ಆಮೇಲೆ ತಮಗೆ ಕಾಯಿಸುತ್ತಾರೆ.

ಗಾರ್ಡ್ ಸಾಹೇಬರು ತೀರಿಕೊಂಡಾಗ ನಾವಿಬ್ಬರೂ ಹೋಗಿದ್ದೆವು. ಒತ್ತಾಯ ಮಾಡಿ ಅಕ್ಕನನ್ನು ಜೊತೆಗೆ ಕರೆತಂದೆವು. ಒಂದು ತಿಂಗಳು ಇದ್ದರು. ಸಂಜೆ ಜಗಲಿಯಲ್ಲಿ ನಾನು ಶಾಲು ಹೊದೆದು ಕೂತರೆ, ಅಕ್ಕ ಬರೀ ತೆಳು ಬಟ್ಟೆಯಲ್ಲಿ ಗಾಳಿಗೆ ಮುಖವೊಡ್ಡಿ, "ಇದಕ್ಕೆ ಸ್ವೆಟರ್ ತನ್ನಿ ಅಂತ ಬರೀತಿದ್ನಾ ನಾನು?" ಎಂದು ಬೆರಗಾಗುತ್ತಿದ್ದರು.

ತಿಂಗಳ ಕೊನೆಗೆ "ಇನ್ನು ಹೊರಡ್ತೀನಿ" ಎಂದರು.

"ಇಲ್ಲೇ ಇರಿ ಅಕ್ಕ. ಅಲ್ಲಿ ಒಬ್ಬರೇ ಆ ಚಳಿಯಲ್ಲಿ ಏನು ಮಾಡ್ತೀರಿ?"

"ಇಲ್ಲಿ ನನಗೆ ಸೆಕೆ ಕಣೇ," ಎಂದು ನನ್ನ ಕೆನ್ನೆ ತಟ್ಟಿದರು. "ಅದೂ ಅಲ್ಲದೆ, ಅವರ ಸಾಮಾನೆಲ್ಲ ಅಲ್ಲಿದೆ. ನನ್ನ ಮನೆ ಅದು."

ಈಗ ಅವರಿಗೆ ಎಪ್ಪತ್ತು ದಾಟಿದೆ. ಆ ಊರಿನ ಮನೆಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಡುತ್ತಾರಂತೆ. ಹೋದ ವಾರ ಫೋನಿನಲ್ಲಿ, "ಮಳೆ ನಿಂತಿದೆ, ಇಬ್ಬರೂ ಬಂದುಹೋಗಿ" ಎಂದರು. ಏನು ತರಲಿ ಎಂದು ನಾನು ಕೇಳಿದೆ. ಹೇಳಿದರು, ಹೇಳುತ್ತಲೇ ಹೋದರು. ನಾನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಎಲ್ಲ ಬರೆದುಕೊಂಡೆ.