ಕಾದಂಬರಿ ಕೆಡಿಸಿದ ಸೆರಗು

ನಗಬೇಡಿ ಗೆಳೆಯರೇ, ಇವತ್ತು ನನ್ನ ಕ್ರೈಸ್ತ ಕಾದಂಬರಿ ಮೊಳಕಾಲ್ಮೂರಿನ ಒಂದು ರೇಷ್ಮೆ ಸೀರೆಯನ್ನು ಕೆಡಿಸಿತು. ಈ ಕಾದಂಬರಿಗಳೆಂದರೆ ನನಗೆ ಹುಚ್ಚು; ಪಕ್ಕದ ಮನೆಯ ಗಂಗಕ್ಕ ಮಗ್ಗದಲ್ಲಿ ಕೂತಾಗ ಗಟ್ಟಿಯಾಗಿ ಓದಿ ಹೇಳುತ್ತೇನೆ. ನಾಯಕಿ ಪ್ರಾರ್ಥನೆ ಮಾಡಿ, ಮೋಸ ಮಾಡಿದ ತಂಗಿಯನ್ನು ಕ್ಷಮಿಸಿ ಅಪ್ಪಿಕೊಳ್ಳುವ ಪುಟ ಬಂತು. ಗಂಗಕ್ಕ ಕಣ್ಣೊರೆಸಿಕೊಳ್ಳುತ್ತಲೇ ನೇಯ್ದಳು. ಸೆರಗಿನ ಹೂವು ನಾಲ್ಕು ಬೆರಳಗಲ ತಪ್ಪಿಹೋಯಿತು.

“ನಿಮ್ಮ ಯೇಸಪ್ಪ ಕ್ಷಮಿಸ್ತಾನೆ ಕಣವ್ವ, ರೇಷ್ಮೆ ಕೊಟ್ಟ ನಮ್ಮ ಸಾವ್ಕಾರ ಕ್ಷಮಿಸ್ತಾನಾ?” ಎಂದು ನನ್ನ ಮೇಲೆ ರೇಗಿದಳು.

ಗದ್ದಲ ಕೇಳಿ, ವರ್ಷದಿಂದ ಗಂಗಕ್ಕನ ಜೊತೆ ಮಾತು ಬಿಟ್ಟಿದ್ದ ಅವಳ ವಾರಗಿತ್ತಿ ಒಳಗೆ ಬಂದಳು. “ಅತ್ಲಾಗೆ ಸರ್ಕೊ ಅಕ್ಕ, ಇಬ್ರೂ ಸೇರಿ ಬಿಚ್ಚಾನ.”

ಎಳೆ ಬಿಚ್ಚುತ್ತ ಬಿಚ್ಚುತ್ತ ಗಂಗಕ್ಕ ವಾರಗಿತ್ತಿಯನ್ನು ಕೇಳಿದಳು: “ಟೀ ಕುಡೀತೀಯೇನೇ?”

ನಾಯಕಿಗೆ ಕ್ಷಮಿಸಲು ಇನ್ನೂರು ಪುಟ ಬೇಕಾಗಿತ್ತು. ಇವರಿಗೆ ನಾಲ್ಕು ಬೆರಳಗಲದ ರೇಷ್ಮೆ ಸಾಕಾಯಿತು.