ಮಾವ ಬರಬೇಕಾಗಿತ್ತು

ಮೊನ್ನೆ ಮೊಮ್ಮಗಳ ಇಂಗ್ಲಿಷ್ ವ್ಯಾಕರಣದ ಪುಸ್ತಕಕ್ಕೆ ರಟ್ಟು ಹಾಕಿಕೊಡುತ್ತಿದ್ದೆ. 'ಶುಡ್ ಹ್ಯಾವ್ ಕಮ್' ಎಂಬ ಸಾಲು ಕಣ್ಣಿಗೆ ಬಿತ್ತು. ಬರಬೇಕಾಗಿತ್ತು, ಬರಲಿಲ್ಲ. ನಿಮಗಿದು ಬರೀ ವ್ಯಾಕರಣ. ನನಗೆ ಮಾತ್ರ ಈ ವಯಸ್ಸಿನಲ್ಲೂ ಬೆನ್ನು ಚುರುಗುಟ್ಟಿತು.

ಬ್ರಿಟಿಷರಿದ್ದ ಕಾಲ. ಹಳಿಯಾಳದ ಶಾಲೆಯಲ್ಲಿ ನಮಗೆ ಇಂಗ್ಲಿಷ್ ಕಲಿಸುತ್ತಿದ್ದವರು ಗೌಸ್ ಮಾಸ್ತರರು. ಪುಸ್ತಕದ ಉದಾಹರಣೆಗಳೆಂದರೆ ಅವರಿಗಾಗದು. "ಟೇಮ್ಸ್ ನದಿ ತಗೊಂಡು ಏನ್ ಮಾಡ್ತೀರಿ? ನಿಮ್ಮ ನಿಮ್ಮ ಮನ್ಯಾಗ ಆಗಬೇಕಾಗಿದ್ದು, ಆಗದ ಉಳದದ್ದು ಒಂದೊಂದು ಬರಕೊಂಡು ಬರ್ರಿ" ಎಂದರು. ಒಬ್ಬ, ಎಮ್ಮೆ ಈಯಬೇಕಾಗಿತ್ತು ಎಂದು ಬರೆದ. ನಾನು ಮಹಾ ಜಾಣ, 'ಮಾವ ಬರಬೇಕಾಗಿತ್ತು' ಎಂದು ಬರೆದೆ. ಇಂಗ್ಲಿಷಿನಲ್ಲಿ ಹೇಳಿದ್ದು ಊರಿಗೆ ತಿಳಿಯುವುದಿಲ್ಲ ಎಂಬ ಧೈರ್ಯ.

ಮಾವ ಎಂದರೆ ಅಕ್ಕನ ಗಂಡ, ಮುಂಡಗೋಡದವರು. ಬಾಣಂತನಕ್ಕೆ ಬಂದ ಗಂಗಕ್ಕನನ್ನು ಐದು ತಿಂಗಳಿಗೆ ಕರೆದೊಯ್ಯಬೇಕಿತ್ತು. ಕೂಸು ಅಂಬೆಗಾಲಿಟ್ಟರೂ ಅವರ ಸುಳಿವಿಲ್ಲ. ಅಕ್ಕನ ಟ್ರಂಕು ತುಂಬಿಯೇ ಇತ್ತು. ಚಕ್ಕಡಿಯ ಸದ್ದಾದರೆ ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಬರುತ್ತಿದ್ದಳು. ಈ ಸುದ್ದಿ ಹೊಸ್ತಿಲು ದಾಟಕೂಡದೆಂದು ಅಪ್ಪನ ತಾಕೀತು.

ಮಾಸ್ತರರು ನನ್ನ ವಾಕ್ಯವನ್ನು ಹಲಗೆಯ ಮೇಲೆ ಬರೆಸಿ ಇಡೀ ವರ್ಗದಿಂದ ಹೇಳಿಸಿದರು. ಸಂಜೆ ಹುಡುಗರು ಅದನ್ನೇ ಹಾಡಿಕೊಂಡು, ಕನ್ನಡದ ಅರ್ಥವನ್ನೂ ಸೇರಿಸಿ, ನಮ್ಮ ಓಣಿಯಲ್ಲಿ ಹಾದುಹೋದರು. ಅಪ್ಪನ ಕೈಗೆ ಬಾರುಕೋಲು ಸಿಕ್ಕಿತು. ಒಳಗೆ ಹೋದ ಅಕ್ಕ ಊಟಕ್ಕೂ ಬರಲಿಲ್ಲ. ಪೆಟ್ಟಿಗಿಂತ ನನಗೆ ಅದೇ ಹೆಚ್ಚು ನೋವಾಯಿತು.

ಮಾಸ್ತರರಿಗೂ ಕಸಿವಿಸಿಯಾಗಿರಬೇಕು. ರವಿವಾರ ತಾವೇ ಮುಂಡಗೋಡಕ್ಕೆ ಹೋಗಿ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತರು.

"ಗೌಡ್ರ, ಅಲ್ಲೂ ನಿಮ್ಮ ಮಗನ ಪಾಠಾನ ನಡದೈತ್ರಿ. ತೊಟ್ಟಿಲ ಕಾರ್ಯಕ್ಕ ನೀವ ಸ್ವತಃ ಹೋಗಿ ಕರೀಬೇಕಾಗಿತ್ತಂತ. ಆಳಿನ ಕೈಲೆ ಹೇಳಿ ಕಳಿಸಿದ್ರಿ ಅಂತಲ್ಲ?"

ಅಪ್ಪ ವೀಳ್ಯದೆಲೆಯ ನಾರು ಬಿಡಿಸಿದ. "ಸುಗ್ಗಿ ಇತ್ರಿ" ಎಂದ. ಆಮೇಲೆ, "ತಪ್ಪಾತು. ನಾಳೆ ಹೋಗ್ತೇನಿ."

ನಾಲ್ಕನೆಯ ದಿನ ಮಾವ ಬಂದರು. ಹೊರಡುವಾಗ ಅಕ್ಕ ನನ್ನ ಕೆನ್ನೆ ಹಿಂಡಿ, "ಚಾಡಿಕೋರ" ಎಂದಳು, ಕಣ್ಣು ತುಂಬಿಕೊಂಡೇ.

ಇದೆಲ್ಲ ನೆನೆದು ನಗುತ್ತಿದ್ದವನಿಗೆ ನಗು ಅಲ್ಲೇ ನಿಂತಿತು. ಈ ಸಲ ನಾಗರ ಪಂಚಮಿಗೆ ಗಂಗಕ್ಕ ಬರಬೇಕಾಗಿತ್ತು, ಬರಲಿಲ್ಲ ಎಂದು ತಿಂಗಳಿಂದ ಮನೆಯಲ್ಲಿ ಗೊಣಗುತ್ತಿದ್ದೇನೆ. ನಮ್ಮಲ್ಲಿ ಪಂಚಮಿಗೆ ಅಕ್ಕನನ್ನು ಕರೆತರಲು ತಮ್ಮನೇ ಹೋಗಬೇಕು. ಮೊಣಕಾಲು ನೋವೆಂದು ನಾನು ಒಂದು ಕಾರ್ಡು ಹಾಕಿ ಸುಮ್ಮನಾಗಿದ್ದೆ.

ರಟ್ಟು ಅಲ್ಲೇ ಬಿಟ್ಟು ಅಂಗಿ ತೊಟ್ಟೆ.

"ಎಲ್ಲಿಗಿ ಅಜ್ಜ?" ಎಂದಳು ಮೊಮ್ಮಗಳು.

"ಮುಂಡಗೋಡಕ್ಕ. ಅಕ್ಕನ್ನ ಪಂಚಮಿಗೆ ಕರ್ಯಾಕ."

"ಪಂಚಮಿ ಮುಗದು ತಿಂಗಳಾತಲ್ಲ?"

"ಹಬ್ಬ ಮುಗದೈತಿ. ಕರ್ಯೂದು ಉಳದೈತಿ."